ಬೀದಿಯ ಒಲೆ, ಮನೆಯ ಒಲೆ

ಬೆಂಗಳೂರಿನ ಬಸವನಗುಡಿಯ ಕಡೆ ಮನೆ ಮಾಡಿಕೊಂಡಿರುವವರಿಗೆ ಒಂದು ಗರ್ವವುಂಟು. ಬೇರೆ ಬಡಾವಣೆಯವರು ತಮ್ಮ ಉದ್ಯಾನವನ್ನೋ ಅಗಲವಾದ ರಸ್ತೆಯನ್ನೋ ಹೊಗಳಿಕೊಳ್ಳುವಾಗ ನಾವು ಎದುರಾಡುವುದಿಲ್ಲ. ಬಂದವರನ್ನು ಸುಮ್ಮನೆ ಕರೆದುಕೊಂಡು ಹೋಗಿ ಒಂದು ದೋಸೆಯ ಮುಂದೆ ಕೂರಿಸುತ್ತೇವೆ. ವಾದ ಅಲ್ಲಿಗೆ ಮುಗಿಯುತ್ತದೆ. ನಮ್ಮ ಮನೆಯೋ ಗಾಂಧಿಬಜಾರಿಗೂ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತಕ್ಕೂ ನಡುವೆ ಇರುವ ಓಣಿಯೊಂದರಲ್ಲಿದೆ. ಬೆಳಗಿನ ತಿಂಡಿ ಒಂದು ದಿಕ್ಕಿಗೆ, ಸಂಜೆಯ ತಿಂಡಿ ಇನ್ನೊಂದು ದಿಕ್ಕಿಗೆ. ಬಾಡಿಗೆ ಹೆಚ್ಚೆಂದು ಗೊಣಗುವ ನಮ್ಮಾಕೆಗೆ ನಾನು ಈ ಭೌಗೋಳಿಕ ಸತ್ಯವನ್ನು ಆಗಾಗ ಜ್ಞಾಪಿಸುವುದುಂಟು.

ಈ ಗರ್ವಕ್ಕೆ ಕಳೆದ ಮಾರ್ಗಶಿರ ಮಾಸದಲ್ಲಿ ನಮ್ಮ ಸೋದರತ್ತೆಯವರಿಂದ ಭಂಗ ಒದಗಿತು.

ಅತ್ತೆ ಶಾಂತಿಗ್ರಾಮದವರು. ಹಾಸನದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ ಹದಿನೈದು ಕಿಲೋಮೀಟರಿನೊಳಗೆ ಸಿಕ್ಕುವ ಊರು. ಹೊಯ್ಸಳರ ಕಾಲದಿಂದ ಬಂದದ್ದು; ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನೊಡನೆ ಊರಿನ ಹೆಸರನ್ನು ಕೂಡಿಸಿ ಹೇಳುವುದು ವಾಡಿಕೆ. ಭೋಗನರಸಿಂಹಸ್ವಾಮಿಯ ಗುಡಿಯೂ ಅಲ್ಲಿದೆ. ಆದರೆ ಇಂದು ಆ ಊರಿನ ಹೆಸರು ದಾರಿಹೋಕರಿಗೆ ತಿಳಿದಿರುವುದು ಶಾಂತಲೆಯಿಂದಲೂ ಅಲ್ಲ, ನರಸಿಂಹನಿಂದಲೂ ಅಲ್ಲ, ಹೆದ್ದಾರಿಯ ಸುಂಕದ ಕಟ್ಟೆಯಿಂದ. ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದನ್ನಾದರೂ ತೆಗೆಸೋಣವೆಂದು ನಾವು ಸೋದರಳಿಯಂದಿರೆಲ್ಲ ಕೂಡಿ ನಿಶ್ಚಯಿಸಿ ಅವರನ್ನು ಬೆಂಗಳೂರಿಗೆ ಕರೆಸಿಕೊಂಡೆವು.

ಬಂದ ಸಂಜೆಯೇ ನಾನು ಮಾಡಿದ ಮೊದಲ ತಪ್ಪೆಂದರೆ ಅವರನ್ನು ವಿಶ್ವೇಶ್ವರಪುರದ ತಿಂಡಿಬೀದಿಗೆ ಕರೆದುಕೊಂಡು ಹೋದದ್ದು. ಆ ಬೀದಿಯನ್ನು ಕಾಣದವರಿಗೆ ಅದನ್ನು ವರ್ಣಿಸುವುದು ಕಷ್ಟ. ಹಗಲಿನಲ್ಲಿ ಅದು ಎಲ್ಲ ಬೀದಿಗಳಂತೆಯೇ ಇರುತ್ತದೆ. ದೀಪ ಹೊತ್ತಿದ ಮೇಲೆ ಎರಡು ಕಡೆಯೂ ಕಾವಲಿಗಳು ಕಾಯುತ್ತವೆ, ಎಣ್ಣೆ ಕುದಿಯುತ್ತದೆ, ಹೋಳಿಗೆಯ ಹೂರಣದ ಘಮವೂ ಮೆಣಸಿನಕಾಯಿ ಬಜ್ಜಿಯ ಘಾಟೂ ಒಂದರ ಮೇಲೊಂದು ಬಿದ್ದು ಬರುತ್ತವೆ. ಇಡ್ಲಿ, ತಟ್ಟೆಯಷ್ಟಗಲದ ದೋಸೆ, ಅಕ್ಕಿ ರೊಟ್ಟಿ, ಪಡ್ಡು, ಜಿಲೇಬಿ, ಮಸಾಲೆ ಹಚ್ಚಿದ ಕಡಲೆಕಾಯಿ ಬೀಜ, ಗುಲ್ಕನ್ ಬೆರೆಸಿದ ಐಸ್‌ಕ್ರೀಮು. ಕೂರಲು ಜಾಗವಿಲ್ಲ; ಯಾರೂ ಕೇಳುವುದೂ ಇಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ, ರೇಷ್ಮೆ ಸೀರೆಯ ಅಜ್ಜಿ, ಕಾಲೇಜಿನ ಹುಡುಗಿಯರು, ಎಲ್ಲರೂ ಅಂಗೈಯಲ್ಲಿ ತಟ್ಟೆ ಹಿಡಿದು ನಿಂತಲ್ಲೇ ತಿನ್ನುತ್ತಾರೆ. ನನ್ನ ವಿದ್ಯಾರ್ಥಿಗಳಿಬ್ಬರು ಬಾಯಿತುಂಬ ಬಜ್ಜಿ ತುಂಬಿಕೊಂಡು ನಮಸ್ಕಾರ ಮಾಡಲಾರದೆ ಒದ್ದಾಡಿದರು.

ಅತ್ತೆ ಬೀದಿಯ ಈ ತುದಿಯಿಂದ ಆ ತುದಿಗೆ ಮಂಜುಗಣ್ಣಿನಿಂದಲೇ ನೋಡಿ, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: “ಏನ್ ಮಗ, ಇಷ್ಟು ಮನೆಯವರಿಗೂ ಒಟ್ಟಿಗೇ ಸೂತಕವೇ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಅಡಿಗೆ ತಂದು ಬಡಿಸುತ್ತಾರೆ. ಒಲೆಯಿದ್ದೂ ಹೊರಗೆ ಉಣ್ಣುವ ಇನ್ನೊಂದು ಸಂದರ್ಭ ಅವರ ಅನುಭವದಲ್ಲಿ ಇರಲಿಲ್ಲ. ಎಪ್ಪತ್ತು ವರ್ಷ ತುಂಬುತ್ತ ಬಂದಿದ್ದರೂ ಅತ್ತೆ ಆವರೆಗೆ ಒಂದು ಹೋಟೆಲಿನೊಳಗೂ ಕಾಲಿಟ್ಟವರಲ್ಲ. ಮದುವೆಯ ಊಟ, ಮಠದ ಊಟ, ಪರಿಷೆಯ ಪಾನಕ, ಇವೆಲ್ಲ ಸರಿ, ಅವು ಕೊಟ್ಟದ್ದು. ದುಡ್ಡು ಪಡೆದು ಬಡಿಸಿದ್ದು ಅನ್ನವಲ್ಲ. “ಮಾರುವುದಕ್ಕೆ ಅದೇನು ದನವೇ, ಹುಣಿಸೇಹಣ್ಣೇ?” ಎನ್ನುವುದು ಅವರ ಸಿದ್ಧಾಂತ. ಆ ಸಂಜೆ ಮನೆಗೆ ಬಂದು, ನಮ್ಮಾಕೆ ಮಾಡಿದ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಉಂಡು ಮಲಗಿದರು. ನಾನು ಬೀದಿಯಲ್ಲಿ ತಿಂದಿದ್ದ ಎರಡು ಹೋಳಿಗೆಯ ವಿಷಯ ಯಾರೂ ಎತ್ತಲಿಲ್ಲ.

ಕಣ್ಣಿನ ಕೆಲಸ ಸುಸೂತ್ರವಾಗಿ ಮುಗಿಯಿತು. ಮೂರು ವಾರ ಒಲೆಯ ಹತ್ತಿರ ಸುಳಿಯಕೂಡದು, ಬಗ್ಗಕೂಡದು, ತಲೆಗೆ ನೀರು ಹಾಕಕೂಡದು ಎಂದು ವೈದ್ಯರ ಅಪ್ಪಣೆಯಾಯಿತು. ಹುಟ್ಟಿದ ಮೇಲೆ ಒಲೆಯಿಂದ ಅಷ್ಟು ದಿನ ದೂರವಿದ್ದದ್ದು ಅದೇ ಮೊದಲಂತೆ. ನಮ್ಮಾಕೆ ಬ್ಯಾಂಕಿನ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಡಬೇಕು. ಅಷ್ಟರೊಳಗೆ ಅತ್ತೆಗಾಗಿ ಮಧ್ಯಾಹ್ನದ ಅಡಿಗೆಯನ್ನೂ ಮುಗಿಸಿಟ್ಟು ಹೋಗುತ್ತಿದ್ದಳು. ಒಂದು ದಿನ ಅವಳಿಗೇ ಜ್ವರ ಬಂದು ಏಳುವುದು ತಡವಾಯಿತು; ರಜೆಯೂ ಸಿಕ್ಕಲಿಲ್ಲ. ನಾನು ಸಮಯಸ್ಫೂರ್ತಿಯನ್ನು ಮೆರೆದು ಹತ್ತಿರದ ಹೋಟೆಲೊಂದರಿಂದ ಊಟದ ಪೊಟ್ಟಣ ತಂದಿಟ್ಟು, ಪಾಠವಿದ್ದುದರಿಂದ ಕಾಲೇಜಿಗೆ ಹೊರಟುಹೋದೆ.

ಸಂಜೆ ನಾವು ಬರುವ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಕುಳಿತಿದ್ದರು. ಪೊಟ್ಟಣ ಕಟ್ಟಿದಂತೆಯೇ ಇತ್ತು. ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ತಲೆ ಸುತ್ತು ಬಂದು, ಬಚ್ಚಲಿನ ಹೊಸಿಲಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತೇನೋ. ಜ್ವರದಲ್ಲಿದ್ದ ನಮ್ಮಾಕೆಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದುವು. ಹಿರಿಯರ ಎದುರು ಎಂದೂ ದನಿ ಎತ್ತದವಳು ಅಂದು ಹೇಳಿಬಿಟ್ಟಳು: “ಅತ್ತೆ, ಅನ್ನ ಮಾರಬಾರದು ಅಂತ ಹೇಳಿದವರು ಯಾರೂ ಒಲೆ ಮುಂದೆ ಕೂತವರಲ್ಲ. ಕೂತವರನ್ನ ಯಾರೂ ಕೇಳಲೂ ಇಲ್ಲ.”

ನಾನು ಎಂ.ಎ. ತರಗತಿಯಲ್ಲಿ ಅನ್ನದಾನದ ಮಹಿಮೆಯನ್ನು ಕುರಿತು ಶಾಸನಗಳಿಂದಲೂ ಕಾವ್ಯಗಳಿಂದಲೂ ಬೇಕಾದಷ್ಟು ಓದಿದ್ದೇನೆ. ಈ ವಾಕ್ಯ ಅವುಗಳಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.

ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನಮಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ನಮ್ಮ ತಾತ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ತೆಂಗಿನಕಾಯಿಯ ಗಾಡಿ ಹೊಡೆದುಕೊಂಡು ಹಾಸನದ ಸಂತೆಗೆ ಹೋಗಿದ್ದನಂತೆ. ಕಾಯಿ ಒಳ್ಳೆಯ ಬೆಲೆಗೆ ಹೋಯಿತು. ಆ ಹುಮ್ಮಸ್ಸಿನಲ್ಲಿ ಹೋಟೆಲೊಂದಕ್ಕೆ ಹೋಗಿ ಒಳಗಿನ ಬೆಂಚಿನ ಮೇಲೆ ಕುಳಿತ. ಅದು ಮೇಲಿನ ಜಾತಿಯವರಿಗೆ ಮೀಸಲಾದ ಕೋಣೆ. ಎಬ್ಬಿಸಿ ಕಳಿಸಿದರು, ಹೊರಗಿನ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಕಾಫಿಯನ್ನು ಅಲ್ಲಿಯೇ ಇಟ್ಟು, ದುಡ್ಡನ್ನೂ ಇಟ್ಟು, ತಾತ ಎದ್ದು ಬಂದ. ಇನ್ನು ನಮ್ಮ ಮನೆಯವರು ಹೋಟೆಲಿನ ಮೆಟ್ಟಿಲು ಹತ್ತಕೂಡದು ಎಂದು ಆಣೆ ಹಾಕಿದ. ಗಂಡುಮಕ್ಕಳು ಆ ಆಣೆಯನ್ನು ಹಾಸನದ ಹೈಸ್ಕೂಲು ಸೇರಿದ ವರ್ಷವೇ ಮುರಿದರು. ಅತ್ತೆ ಮಾತ್ರ ಉಳಿಸಿಕೊಂಡು ಬಂದಿದ್ದರು. ಅನ್ನ ಮಾರಬಾರದು ಎಂಬ ಧರ್ಮಸೂಕ್ಷ್ಮದ ಕೆಳಗೆ ಇದ್ದದ್ದು ಅಪ್ಪನಿಗಾದ ಅವಮಾನ.

ಅಂದಿನ ಅನೇಕ ಹೋಟೆಲುಗಳ ರೀತಿಯೇ ಅದಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಹೆಸರೆತ್ತಿಯೇ ಈ ಭೇದವನ್ನು ನಿಷೇಧಿಸಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಬಂದಿತು. ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಬರೆಯದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಜಗುಲಿಯಲ್ಲಿ ಕೂರಿಸಿದರೆಂದು ಅವಮಾನಗೊಂಡ ನಮ್ಮ ತಾತನ ಮನೆಯ ಜಗುಲಿಯ ಕೆಳಗೆ, ಸೂರಿನ ಸಂದಿಯಲ್ಲಿ ಸಿಕ್ಕಿಸಿದ ಬೇರೊಂದು ಲೋಟವಿತ್ತು. ಹೊಲಕ್ಕೆ ಆಳಾಗಿ ಬರುತ್ತಿದ್ದವರು ಅದರಲ್ಲಿ ಕುಡಿದು, ತಾವೇ ತೊಳೆದು, ಅಲ್ಲಿಯೇ ಸಿಕ್ಕಿಸಿ ಹೋಗುತ್ತಿದ್ದರು. ಬಾಲ್ಯದಲ್ಲಿ ನಾನು ಅದನ್ನು ಕಂಡಿದ್ದೇನೆ. ಆ ಲೋಟವನ್ನು ಕುರಿತು ನಮ್ಮ ಮನೆಯಲ್ಲಿ ಯಾರೂ ಆಣೆ ಹಾಕಲಿಲ್ಲ.

ಮರುವಾರ ಅತ್ತೆ ತಾವಾಗಿಯೇ ಕೇಳಿದರು: “ಈಗ ಒಳಗೆ ಕೂರಿಸ್ತಾರೇನೋ?”

ಕರೆದುಕೊಂಡು ಹೋದದ್ದು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ. ಶುಕ್ರವಾರ ಅದಕ್ಕೆ ರಜೆ. ಉಳಿದ ದಿನ ಬಾಗಿಲಲ್ಲಿ ಕಾಯುವವರ ಗುಂಪು ತಪ್ಪಿದ್ದಲ್ಲ. ಈ ಕಾಯುವಿಕೆಯಲ್ಲಿ ಒಂದು ಸಮಾನತೆಯಿದೆ: ಕಾರಿನಲ್ಲಿ ಬಂದವನೂ ನಿಲ್ಲಬೇಕು, ಕಾಲ್ನಡಿಗೆಯಲ್ಲಿ ಬಂದವನೂ ನಿಲ್ಲಬೇಕು. ಜಾಗ ತೆರವಾದ ಕಡೆ ಅಪರಿಚಿತರ ಪಕ್ಕದಲ್ಲಿ, ಅದೇ ಮೇಜಿಗೆ ಕೂರಬೇಕು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ನಾನು ವೃತ್ತಿಧರ್ಮಕ್ಕೆ ತಕ್ಕಂತೆ ಅವರೊಬ್ಬೊಬ್ಬರನ್ನೂ ಅತ್ತೆಗೆ ಪರಿಚಯಿಸತೊಡಗಿದೆ. ಅವರ ಕಣ್ಣು ಮಾತ್ರ ಪರಿಚಾರಕನ ತೋಳಿನ ಮೇಲಿತ್ತು. ಮೊಣಕೈಯಿಂದ ಅಂಗೈವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಹೇರಿಕೊಂಡು, ಒಂದೂ ಜಾರದಂತೆ ಆತ ಬರುವುದನ್ನು ನೋಡುವುದಕ್ಕೆಂದೇ ಹೊಸ ಕಣ್ಣು ಬಂದಂತೆ ನೋಡಿದರು. ದೋಸೆ ಬಂದಿತು, ದಪ್ಪನಾದದ್ದು, ಹೊರಗೆ ಗರಿ, ಒಳಗೆ ಮೆತ್ತಗೆ. ಸಾಂಬಾರಿನ ಗೊಡವೆಯಿಲ್ಲ, ಚಟ್ನಿಯೊಂದೇ. ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ತೀರ್ಪಿಗಾಗಿ ನಮ್ಮನ್ನು ಕಾಯಿಸಿದರು.

“ಹಿಟ್ಟು ಚೆನ್ನಾಗಿ ಹುಳಿ ಬಂದಿದೆ,” ಎಂದರು. ಸ್ವಲ್ಪ ತಡೆದು, “ಅಪ್ಪ ಆವತ್ತು ಬರೀ ಕಾಫಿ ಕೇಳಿದ್ದು,” ಎಂದರು. ಮಿಕ್ಕ ದೋಸೆಯನ್ನು ಮಾತಿಲ್ಲದೆ ತಿಂದು ಮುಗಿಸಿದರು.

ಹೊರಗೆ ಬಂದು ಮೆಲ್ಲಗೆ ನಡೆಯುತ್ತಿರುವಾಗ ಇದನ್ನು ಯಾರು ಆರಂಭಿಸಿದ್ದೆಂದು ಕೇಳಿದರು. ನಾನು ಹೇಳಿದೆ. ನಮ್ಮ ಬಡಾವಣೆಯ ತಿಂಡಿಯ ಕೀರ್ತಿಯನ್ನು ಕಟ್ಟಿದವರಲ್ಲಿ ಅನೇಕರು ಈ ಬಡಾವಣೆಯವರಲ್ಲ, ಘಟ್ಟದ ಕೆಳಗಿನವರು. ಬಸವನಗುಡಿ ಬಡಾವಣೆ ಬೆಳೆದದ್ದು 1898ರ ಪ್ಲೇಗಿನ ತರುವಾಯ. ಅದಕ್ಕೆ ಮೊದಲು ಇಲ್ಲಿದ್ದದ್ದು ದೊಡ್ಡ ಬಸವಣ್ಣನ ಗುಡಿ, ಹೊಲಗದ್ದೆ, ಮತ್ತು ಕಾರ್ತಿಕದ ಕಡೆಯ ಸೋಮವಾರ ರೈತರು ಹೊಸ ಫಸಲನ್ನು ಬಸವಣ್ಣನಿಗೆ ತೋರಿಸುವ ಕಡಲೆಕಾಯಿ ಪರಿಷೆ. ಪರಿಷೆ ಇಂದಿಗೂ ನಡೆಯುತ್ತದೆ. ಬಡಾವಣೆಗೆ ಶಾಲೆಗಳು ಬಂದುವು, ಕಚೇರಿಯ ಗುಮಾಸ್ತರು ಬಂದರು. ಅವರ ಹಿಂದೆ ಉಡುಪಿ ಸೀಮೆಯಿಂದ, ಅನ್ನಕ್ಕೆ ದಾರಿ ಹುಡುಕಿಕೊಂಡು, ಸೌಟು ಹಿಡಿಯಬಲ್ಲ ಹುಡುಗರು ಬಂದರು. ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದ ವೆಂಕಟರಮಣ ಉರಾಳರು ಆ ಕಡೆಯವರು. ಸುತ್ತಲಿನ ಶಾಲೆಗಳ ಹುಡುಗರನ್ನು ನಂಬಿಕೊಂಡು ನಡೆದದ್ದರಿಂದ ಆ ಹೆಸರು. ಲಾಲ್‌ಬಾಗಿನ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಮಯ್ಯ ಸೋದರರಿಂದ ಆದದ್ದು. ಅದರ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. 1960ರಲ್ಲಿ ಆ ಹೆಸರು ಹೋಗಿ ಈಗಿನದು ಬಂದಿತು. ತಾತನ ಜಗುಲಿಯ ಕಾಲಕ್ಕೂ ನಮ್ಮ ಕಾಲಕ್ಕೂ ನಡುವಿನ ಗೆರೆ ಹೀಗೆ ಹೆಸರಿನ ಹಲಗೆಗಳ ಮೇಲೂ ಬಿದ್ದಿದೆ.

ಈ ಅಡಿಗೆಯವರ ಜಾಣ್ಮೆಯೆಲ್ಲ ಹುಟ್ಟಿದ್ದು ಇಲ್ಲದ ಕಾಲದಲ್ಲಿ ಎಂಬುದನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ ಮಾವಳ್ಳಿಯ ಒಲೆಯಲ್ಲಿ ಗೋಧಿಯ ರವೆಯಿಂದ ಇಡ್ಲಿ ಬೆಂದಿತು. ರವೆ ಇಡ್ಲಿಯನ್ನು ಇಂದು ನಾವು ರುಚಿಗಾಗಿ ತಿನ್ನುತ್ತೇವೆ. ಅಂದು ಅದು ಅಕ್ಕಿಯಿಲ್ಲದ್ದಕ್ಕೆ ಹೂಡಿದ ಉಪಾಯ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲುಗಳ ತಿಂಡಿಗೆ ಬೆಲೆ ಕಟ್ಟಿದಾಗ, ಆ ಬೆಲೆಗೆ ಗುಣವನ್ನು ಉಳಿಸಲಾರೆವೆಂದು ಹೋಟೆಲನ್ನು ಮುಚ್ಚಿ, ಸಾರಿನ ಪುಡಿ, ರವೆ ಇಡ್ಲಿಯ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ನಮ್ಮ ಮನೆಗಳ ಒರಳುಕಲ್ಲಿಗೆ ಮುದಿತನ ಬಂದದ್ದು ಹೆಚ್ಚು ಕಡಮೆ ಆ ಕಾಲದಿಂದಲೇ.

ಅತ್ತೆಗೆ ಬರ್ಮಾದ ವಿಚಾರ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಗಾಂಧಿಬಜಾರಿನಲ್ಲಿ ಒಂದು ಅಂಗಡಿಯ ಮುಂದೆ ಅವರೇ ನಿಂತರು. ಗಾಜಿನ ಹಿಂದೆ ಹಪ್ಪಳ, ಸಂಡಿಗೆ, ಬಾಳಕ, ಚಟ್ನಿಪುಡಿ, ಕೋಡುಬಳೆ. ನಾವು ಸುಬ್ಬಮ್ಮನ ಅಂಗಡಿ ಎನ್ನುವುದು ಅದನ್ನೇ. 1948ರಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಸುಬ್ಬಮ್ಮ ಎಂಬ ಹೆಂಗಸು ಹಪ್ಪಳ ಸಂಡಿಗೆ ಮಾಡಿ ಮಾರಿ ಬದುಕು ಕಟ್ಟಿಕೊಂಡ ಕಥೆ ಅದರ ಹಿಂದಿದೆ. ಇಷ್ಟನ್ನು ನಮ್ಮಾಕೆ ಹೇಳಿದಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಮಕ್ಕಳಿದ್ದರಾ ಆಯಮ್ಮನಿಗೆ?”

ಆ ಪ್ರಶ್ನೆ ಎಲ್ಲಿಂದ ಬಂದಿತೆಂದು ನನಗೆ ಗೊತ್ತು. ಅತ್ತೆಗೆ ವೈಧವ್ಯ ಬಂದಾಗ ಇಪ್ಪತ್ತಾರು. ಮಕ್ಕಳಿಲ್ಲ. ತವರಿಗೆ ಹಿಂದಿರುಗಿದವರು ನಲವತ್ತು ವರ್ಷಕ್ಕೆ ಮೇಲ್ಪಟ್ಟು ಅಣ್ಣತಮ್ಮಂದಿರ ಒಲೆಯನ್ನು ಉರಿಸಿದರು. ಪ್ರತಿ ಬೇಸಗೆಯಲ್ಲೂ ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಕೋಳಿ ಕೂಗುವ ಮುಂಚೆ ಎದ್ದು ಹಿಟ್ಟು ಕಾಯಿಸಿ, ಬಿಸಿಲೇರುವುದರೊಳಗೆ ಮಾಳಿಗೆಯ ಮೇಲೆ ಪಂಚೆ ಹಾಸಿ ಇಟ್ಟು ಮುಗಿಸಬೇಕು. ಕಾಗೆ ಕಾಯುವುದು ಮಾತ್ರ ನಮ್ಮ ಪಾಲಿನ ಕೆಲಸ. ಒಣಗಿದ್ದನ್ನು ಡಬ್ಬಿಗಳಿಗೆ ತುಂಬಿ ಹೊಳೆನರಸೀಪುರಕ್ಕೆ ಒಂದು, ಅರಕಲಗೂಡಿಗೆ ಒಂದು, ಚನ್ನರಾಯಪಟ್ಟಣಕ್ಕೆ ಎರಡು, ಮೈಸೂರಿಗೆ, ಬೆಂಗಳೂರಿಗೆ ಎಂದು ಬಂಧುವರ್ಗಕ್ಕೆಲ್ಲ ಕಳಿಸುತ್ತಿದ್ದರು. ಪ್ರತಿಯಾಗಿ ಯಾರದಾದರೂ ಮದುವೆಯಲ್ಲಿ ಒಂದು ಸೀರೆ. “ಅತ್ತೆಯ ಕೈ ಸಂಡಿಗೆ” ಎಂದು ನಾವೆಲ್ಲ ಹೊಗಳುತ್ತಿದ್ದೆವು. ಹೊಗಳಿಕೆಗೆ ಖರ್ಚಿಲ್ಲ.

ಈಗ ಹೇಳಬೇಕಾದ ಮಾತು ಬರೆಯುವುದಕ್ಕೆ ಕಷ್ಟವಾದದ್ದು. ಎರಡು ವರ್ಷದಿಂದ ಅತ್ತೆಯ ಸಂಡಿಗೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು. ಅತ್ತೆಗೆ ವಯಸ್ಸಾಯಿತು, ಕೈ ಕೆಟ್ಟಿತು ಎಂದು ನಾವು ಊಟದ ಹೊತ್ತಿನಲ್ಲಿ ನಕ್ಕದ್ದೂ ಉಂಟು. ಕೆಟ್ಟಿದ್ದುದು ಕೈಯಲ್ಲ, ಕಣ್ಣು. ಅದು ಅತ್ತೆಗೂ ಗೊತ್ತಿತ್ತು. ವೈದ್ಯರು ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ. ತಮ್ಮ ಕೈಯಲ್ಲಿ ಕಾಸಿಲ್ಲ. ಕೇಳಿದರೆ ಹುಡುಗರಿಗೆ ಭಾರ. ಆದ್ದರಿಂದ ಸುಮ್ಮನಿದ್ದರು. ಸುಮ್ಮನಿದ್ದು, ಅಂದಾಜಿನ ಮೇಲೆ ಸಂಡಿಗೆ ಇಟ್ಟು, ಡಬ್ಬಿ ತುಂಬಿ ನಮಗೆ ಕಳಿಸಿದರು.

ಅಂಗಡಿಯ ಮುಂದೆ ಅತ್ತೆ ಅಕ್ಕಿ ಸಂಡಿಗೆಯ ಕಾಲು ಕಿಲೋ ಪೊಟ್ಟಣವೊಂದನ್ನು ಕೈಯಲ್ಲಿ ತೂಗಿ ನೋಡಿ, ಅದರ ಮೇಲಿನ ಬೆಲೆಯನ್ನು ಹೊಸ ಕಣ್ಣಿನಿಂದ ತಾವೇ ಓದಿದರು. ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಅವರ ಬೆರಳುಗಳು ಮಾತ್ರ ಏನನ್ನೋ ಎಣಿಸುತ್ತಿದ್ದುವು.

ಅಷ್ಟರಲ್ಲಿ ಅವರೆಯ ಕಾಲ ಬಂದಿತು. ನಮ್ಮ ಬಡಾವಣೆಯ ಸಂಭ್ರಮವನ್ನು ನೋಡಬೇಕಾದರೆ ಆಗ ನೋಡಬೇಕು. ಅವರೆ ಹಗಲು ಕುಗ್ಗಿದ ಮೇಲೆ ಹೂವಾಗುವ ಗಿಡ. ನಮ್ಮ ಕಡೆ ಅದನ್ನು ಬೇರೆಯಾಗಿ ಬಿತ್ತುವುದೂ ಕಡಮೆ. ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲಾಗಿ ಹಾಕುತ್ತಾರೆ. ರಾಗಿ ಕೊಯ್ಲಾದ ಮೇಲೆ ಮಾಗಿಯ ಇಬ್ಬನಿಯನ್ನು ಕುಡಿದು ಅದು ಕಾಯಿ ಬಿಡುತ್ತದೆ. ಆ ಕಾಯಿಗೆ ಬರುವ ಜಿಡ್ಡು ವಾಸನೆಯೇ ಸೊಗಡು. ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವೆಲ್ಲ ಕಾಯಿ ಬಿಡುವ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ ಎಂಬ ಹೆಸರಿನಲ್ಲಿ ಹೊರತಂದು ರೈತರಿಗೆ ಉಪಕಾರ ಮಾಡಿದ್ದಾರೆ. ಆದರೂ ಬಸವನಗುಡಿಯ ಮನೆಯಾಕೆ ಕಾಯನ್ನು ಮೂಗಿಗೆ ಹಿಡಿಯದೆ ಕೊಳ್ಳುವುದಿಲ್ಲ. ಜನವರಿಯಲ್ಲಿ ಅವರೆಬೇಳೆಯ ಮೇಳವೂ ನಡೆಯುತ್ತದೆ. 2000ದಲ್ಲಿ ವಿಶ್ವೇಶ್ವರಪುರದ ವಾಸವಿ ಕಾಂಡಿಮೆಂಟ್ಸ್‌ನವರು ಆರಂಭಿಸಿದ್ದು; ಬೀದಿ ಸಾಲದಾಗಿ ಈಚೆಗೆ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋಗಿದೆ. ಅವರೆಯ ದೋಸೆ, ಹೋಳಿಗೆ ಸರಿಯೇ. ಅವರೆಯ ಜಿಲೇಬಿಯನ್ನೂ ಅಲ್ಲಿ ಕಾಣಬಹುದು. ಅದರ ವಿಷಯದಲ್ಲಿ ನಾನು ಮೌನ ವಹಿಸುತ್ತೇನೆ.

ಅತ್ತೆಗೆ ಮೇಳಕ್ಕಿಂತ ಗಾಂಧಿಬಜಾರಿನ ಕಾಲುದಾರಿಯೇ ಹೆಚ್ಚಾಯಿತು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು, ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಅದುಮಿ ಬೇಳೆ ಹಿದುಕುತ್ತಿರುತ್ತಾರೆ. ಸಿಪ್ಪೆ ಒಂದು ಕಡೆ, ಹಸುರು ಬೇಳೆ ಒಂದು ಕಡೆ. ಬೆಳಗಿನಿಂದ ನೀರಿನಲ್ಲಿದ್ದ ಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿರುತ್ತವೆ. ನಾವು ಅದನ್ನು ಕೊಂಡು ತಂದು, ಕಾಯಿ, ಗಸಗಸೆ, ಚಕ್ಕೆ, ಲವಂಗ ಅರೆದು ಹಾಕಿ, ಹಿದುಕಿದ ಬೇಳೆಯ ಸಾರು ಮನೆಯಲ್ಲೇ ಮಾಡಿದೆವೆಂದು ಹೇಳಿಕೊಳ್ಳುತ್ತೇವೆ.

ವೈದ್ಯರ ಮೂರು ವಾರದ ಗಡುವು ಮುಗಿದಿತ್ತು. ಅತ್ತೆ ಒಬ್ಬ ಹೆಂಗಸಿನ ಪಕ್ಕದಲ್ಲಿ, ತರಕಾರಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕುಳಿತೇಬಿಟ್ಟರು. ನಾನು ಗಾಬರಿಯಾಗಿ ಸುತ್ತಮುತ್ತ ನೋಡಿದೆ. ವಿದ್ಯಾರ್ಥಿಗಳು ಯಾರೂ ಇರಲಿಲ್ಲ. ಅತ್ತೆ ಆಕೆಯ ಬುಟ್ಟಿಯಿಂದ ಹಿಡಿ ಕಾಳು ತೆಗೆದುಕೊಂಡು ಹಿದುಕತೊಡಗಿದರು. ಕಣ್ಣು ಎತ್ತಲೋ ಇತ್ತು. ಹಿದುಕುವುದಕ್ಕೆ ಕಣ್ಣು ಬೇಡ. ಮಾತಿಗೆ ಮಾತು ಬೆಳೆಯಿತು. ಆಕೆಯ ಊರು ಯಾವುದು, ಬಸ್ಸು ಎಷ್ಟು ಹೊತ್ತಿಗೆ, ಮಕ್ಕಳೆಷ್ಟು. ಕೊನೆಗೆ, “ದಿನಗೂಲಿಯೋ, ತೂಕಕ್ಕೋ?” ತೂಕಕ್ಕೆ ಎಂದು ಆಕೆ ಹೇಳಿ, ದರವನ್ನೂ ಹೇಳಿದಳು. ಅತ್ತೆ ಹಿದುಕಿದ್ದ ಬೇಳೆಯನ್ನೆಲ್ಲ ಆಕೆಯ ರಾಶಿಗೇ ಸುರಿದು ಎದ್ದರು.

ಅಂದು ರಾತ್ರಿಯ ಸಾರಿಗೆ ನಮ್ಮಾಕೆ ಆ ಹೆಂಗಸಿನಿಂದ ಚೌಕಾಸಿ ಮಾಡದೆ ಬೇಳೆ ಕೊಂಡಳು. ಚೌಕಾಸಿ ಮಾಡುವ ಬಾಯಿಯನ್ನು ಅತ್ತೆ ಕಣ್ಣಿನಲ್ಲೇ ಮುಚ್ಚಿಸಿದ್ದರು.

ಸಂಕ್ರಾಂತಿ ಮುಗಿಸಿಕೊಂಡು ಅತ್ತೆ ಊರಿಗೆ ಹೋದರು. ಬೇಸಗೆಯಲ್ಲಿ ಎಂದಿನಂತೆ, ಊರಿನಿಂದ ಬಂದ ಹುಡುಗನೊಬ್ಬನ ಕೈಯಲ್ಲಿ ಸಂಡಿಗೆಯ ಡಬ್ಬಿ ಬಂದಿತು. ಈ ಸಲ ಎರಡು. ಒಂದರ ಮೇಲೆ ಏನೂ ಇರಲಿಲ್ಲ. ಇನ್ನೊಂದರ ಮೇಲೆ, ಪಕ್ಕದ ಮನೆಯ ಶಾಲೆಯ ಹುಡುಗಿಯಿಂದ ಬರೆಸಿದ ಚೀಟಿ: “ಇದು ಮಾರುವುದಕ್ಕೆ. ಒಳಗೆ ನಾಲ್ಕು ಕಿಲೋ ಇದೆ, ತೂಗಿ ನೋಡುವುದು.” ತೆರೆದು ನೋಡಿದೆವು. ಸಂಡಿಗೆಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮನಾಗಿದ್ದುವು.

ನಮ್ಮಾಕೆ ಅದನ್ನು ಪೊಟ್ಟಣ ಕಟ್ಟಿ ಬ್ಯಾಂಕಿಗೆ ಕೊಂಡೊಯ್ದಳು. 12 ಗಂಟೆಯೊಳಗೆ ಖರ್ಚಾಯಿತು. ತನ್ನ ಸಹೋದ್ಯೋಗಿಗಳೆಂಬ ದಾಕ್ಷಿಣ್ಯದಿಂದ ಅಂಗಡಿಯ ಬೆಲೆಗಿಂತ ತುಸು ಇಳಿಸಿಯೇ ಕೊಟ್ಟಿದ್ದಳು. ಹಣವನ್ನು ಅತ್ತೆಯ ಹೆಸರಿಗೆ ಕಳಿಸಿ, ಸಂತೋಷಪಟ್ಟಾರೆಂದು ನಾನೇ ದೂರವಾಣಿಯಲ್ಲಿ ಲೆಕ್ಕ ಒಪ್ಪಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೆರಳೆಣಿಸುತ್ತಿದ್ದರೆಂದು ಕಾಣುತ್ತದೆ.

“ಕಾಲು ಕಿಲೋಗೆ ಹತ್ತು ರೂಪಾಯಿ ಕಡಮೆ ಮಾಡಿದ್ದಾಳಲ್ಲೋ,” ಎಂದರು. “ಅವಳಿಗೆ ಫೋನು ಕೊಡು.”